ಗೊಂಬೆ ಹಾರಿದ್ದು ಎಷ್ಟೆತ್ತರ?

ಪ್ರಶ್ನೆ ಬಂದದ್ದು ಮೂಗೂರಿನಿಂದ. ಪಿಯುಸಿ ಓದುತ್ತಿರುವ ಹುಡುಗ. ಶಾಲೆಯಲ್ಲಿದ್ದಾಗ ಮಕ್ಕಳಿಗೆ ಕೋಡಿಂಗ್ ಕಲಿಸುವ ಸ್ಕ್ರ್ಯಾಚ್‌ನಲ್ಲಿ ಬೆಕ್ಕನ್ನು ಓಡಿಸಿ ರುಚಿ ಹತ್ತಿಸಿಕೊಂಡವನು, ಈಗ ಹಳೇ ಲ್ಯಾಪ್‌ಟಾಪೊಂದಕ್ಕೆ ಗೋಡೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ತಾನೇ ವಿಡಿಯೊ ಗೇಮ್ ಕಟ್ಟುತ್ತಿದ್ದಾನೆ. ಕಬ್ಬಿನ ಗದ್ದೆಯಲ್ಲಿ ಬದು ಹಾರಿಕೊಂಡು ಓಡುವ ಗೊಂಬೆಯ ಆಟ. ಅವನ ಲ್ಯಾಪ್‌ಟಾಪಿನಲ್ಲಿ ನೆಟ್ಟಗೆ ಓಡುವ ಗೊಂಬೆ ಗೆಳೆಯನ ಹೊಸ ಲ್ಯಾಪ್‌ಟಾಪಿನಲ್ಲಿ ಎರಡು ಪಟ್ಟಿಗಿಂತಲೂ ಜೋರಾಗಿ ಓಡುತ್ತದಂತೆ. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಹಾಗಾದರೆ ತಪ್ಪು ಯಾರದು ಎಂದು ಕೇಳಿದ್ದಾನೆ.

ತಪ್ಪು ಕೋಡಿನದೇ. ಆದರೆ ಮರ್ಯಾದಸ್ಥ ತಪ್ಪು. ಗೇಮ್ ಮಾಡಲು ಕೂತವರೆಲ್ಲ ಒಮ್ಮೆಯಾದರೂ ಮಾಡುವಂಥದ್ದು. ಅದರ ಬೇರು ಹಿಡಿದು ಹೊರಟರೆ ದಾರಿಯಲ್ಲಿ ಹದಿನೆಂಟನೇ ಶತಮಾನದ ಗಣಿತಜ್ಞನೊಬ್ಬ ಸಿಗುತ್ತಾನೆ, ಮೈಸೂರಿನ ಮಹಾರಾಜರೊಬ್ಬರೂ ಸಿಗುತ್ತಾರೆ.

ತೊಗಲುಗೊಂಬೆ ಆಟ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬಿಳಿ ಪರದೆಯ ಮೇಲೆ ನಮಗೆ ಕಾಣುವುದು ನೆರಳು. ಹನುಮಂತ ಎಲ್ಲಿದ್ದಾನೆ, ರಾವಣನ ಎಷ್ಟು ತಲೆ ಉರುಳಿವೆ ಎಂಬ ಲೆಕ್ಕವೆಲ್ಲ ಪರದೆಯ ಹಿಂದೆ, ಆಡಿಸುವವನ ಕೈಯಲ್ಲಿ. ಗೇಮಿನಲ್ಲೂ ಹಾಗೆಯೇ. ಪ್ರೋಗ್ರಾಮು ಬಿಡುವಿಲ್ಲದೆ ಮೂರು ಕೆಲಸ ಮಾಡುತ್ತಿರುತ್ತದೆ: ಆಡುವವನು ಯಾವ ಗುಂಡಿ ಒತ್ತಿದ ಎಂದು ನೋಡುವುದು, ಅದಕ್ಕೆ ತಕ್ಕಂತೆ ಗೊಂಬೆಯನ್ನು ಒಂದಿಷ್ಟು ಸರಿಸುವುದು, ನೆರಳು ಬೀಳಿಸುವುದು. ಒಂದೊಂದು ನೆರಳೂ ಒಂದು ಫ್ರೇಮ್. ಸಾಮಾನ್ಯ ಪರದೆಗಳಲ್ಲಿ ಸೆಕೆಂಡಿಗೆ 60 ಫ್ರೇಮ್ ಬೀಳುತ್ತವೆ.

ಈಗ ಗೊಂಬೆಯಾಡಿಸುವವನು ತಾಳದ ಪ್ರತಿ ಪೆಟ್ಟಿಗೂ ಹನುಮಂತನನ್ನು ಒಂದು ಗೇಣು ಮುಂದೆ ಸರಿಸಬೇಕು ಎಂದು ನಿಯಮ ಮಾಡಿಕೊಂಡ ಅನ್ನಿ. ತಾಳ ಹಾಕುವವನು ಬದಲಾಗಿ, ಹೊಸಬನ ಕೈ ಚುರುಕಾಗಿದ್ದರೆ ಹನುಮಂತ ಲಂಕೆಗೆ ಬೇಗ ಮುಟ್ಟುತ್ತಾನೆ. ಮೂಗೂರಿನ ಹುಡುಗ ಬರೆದದ್ದು ಇದನ್ನೇ: ಪ್ರತಿ ಫ್ರೇಮಿಗೆ 5 ಪಿಕ್ಸೆಲ್ ಸರಿ. ಅವನ ಪರದೆ ಸೆಕೆಂಡಿಗೆ 60 ಪೆಟ್ಟು ಹಾಕುತ್ತದೆ, ಗೊಂಬೆ 300 ಪಿಕ್ಸೆಲ್ ಓಡುತ್ತದೆ. ಈಗಿನ ಗೇಮಿಂಗ್ ಲ್ಯಾಪ್‌ಟಾಪುಗಳ ಪರದೆ ಹಲವು ಸಲ 144 ಪೆಟ್ಟಿನದು. ಅಲ್ಲಿ ಅದೇ ಗೊಂಬೆ 720 ಪಿಕ್ಸೆಲ್ ಓಡುತ್ತದೆ. ಮದ್ದು ಸರಳ. ಹಿಂದಿನ ಪೆಟ್ಟಿನಿಂದ ಈ ಪೆಟ್ಟಿಗೆ ಎಷ್ಟು ಹೊತ್ತು ಕಳೆಯಿತೆಂದು ಅಳೆದು, ವೇಗವನ್ನು ಆ ಹೊತ್ತಿನಿಂದ ಗುಣಿಸಿದರಾಯಿತು. ಗೋಡೋದಲ್ಲಿ ಆ ಹೊತ್ತಿಗೆ ಡೆಲ್ಟಾ ಎಂದು ಹೆಸರು.

ಈ ಎಡವಟ್ಟಿನಿಂದಲೇ ಹೆಸರಾದ ಆಟವೂ ಒಂದಿದೆ. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಮಾಡಿದರು. ತೆರೆಯ ಮೇಲೆ 55 ಅನ್ಯಗ್ರಹ ಜೀವಿಗಳು ಸಾಲುಗಟ್ಟಿ ಇಳಿಯುತ್ತವೆ, ನಾವು ಕೆಳಗಿನಿಂದ ಹೊಡೆಯಬೇಕು. ಅಷ್ಟನ್ನೂ ಸರಿಸುವ ಹೊತ್ತಿಗೆ ಆ ಕಾಲದ ಬಡ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಹೊಡೆದು ಉರುಳಿಸುತ್ತ ಹೋದಂತೆ ಅದರ ಹೊರೆ ಇಳಿದು, ಉಳಿದವು ಚುರುಕಾದವು. ಕೊನೆಗೆ ಉಳಿದ ಒಂದಂತೂ ಕೈಗೇ ಸಿಗದ ಹಾಗೆ ಓಡತೊಡಗಿತು. ನಿಶಿಕಾಡೊ ಅದನ್ನು ತಿದ್ದಲು ಹೋಗದೆ ಹಾಗೇ ಬಿಟ್ಟರು. ಗೆಲ್ಲುತ್ತ ಹೋದಂತೆ ಆಟ ಕಷ್ಟವಾಗಬೇಕು ಎಂಬ ನಿಯಮ ಯಂತ್ರದ ಬಡತನದಲ್ಲಿ ತಾನಾಗಿ ಹುಟ್ಟಿಕೊಂಡಿತ್ತು.

ತಮಾಷೆಯೆಂದರೆ, ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಆಟಕ್ಕೆ ಈ ತೊಂದರೆಯೇ ಇರಲಿಲ್ಲ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್, ನೋಡಲು ಬರುವ ಜನರಿಗೆ ಬೇಸರವಾಗದಿರಲಿ ಎಂದು ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಟೆನಿಸ್ ಆಟ ಕಟ್ಟಿದರು. ಚೆಂಡಿನ ದಾರಿಯನ್ನು ಲೆಕ್ಕ ಹಾಕುತ್ತಿದ್ದುದು ಅನಲಾಗ್ ಕಂಪ್ಯೂಟರ್. ಅಲ್ಲಿ ಚೆಂಡಿನ ಎತ್ತರವೆಂದರೆ ಒಂದು ವೋಲ್ಟೇಜ್. ಅದು ಎಡೆಬಿಡದೆ ಏರಿ ಇಳಿಯುತ್ತದೆ, ಆದ್ದರಿಂದ ಕಾಲವನ್ನು ತುಂಡು ಮಾಡುವ ಪ್ರಶ್ನೆಯೇ ಇಲ್ಲ. ಡಿಜಿಟಲ್ ಯಂತ್ರ ಬಂದ ಮೇಲೆ ಕಾಲ ಚೂರುಚೂರಾಯಿತು.

ಚೂರಿನಿಂದ ಏನಾಗುತ್ತದೆ ಎನ್ನುವುದಕ್ಕೆ ಗೊಂಬೆಯ ಜಿಗಿತವನ್ನೇ ನೋಡೋಣ. ಗೊಂಬೆ ಸೆಕೆಂಡಿಗೆ 600 ಪಿಕ್ಸೆಲ್ ವೇಗದಲ್ಲಿ ನೆಲ ಬಿಟ್ಟಿತು. ಗುರುತ್ವ ಒಂದು ಸೆಕೆಂಡಿನಲ್ಲಿ ಆ ವೇಗದಿಂದ 1,200 ಕಳೆಯುತ್ತದೆ. ಅರ್ಧ ಸೆಕೆಂಡಿಗೆ ವೇಗ ಸೊನ್ನೆ. ಪಿಯುಸಿ ಪುಸ್ತಕದ ಸೂತ್ರ ಹಾಕಿದರೆ ಎತ್ತರ ಸರಿಯಾಗಿ 150 ಪಿಕ್ಸೆಲ್ ಬರುತ್ತದೆ. ಗೇಮ್ ಈ ಸೂತ್ರದ ಗೋಜಿಗೆ ಹೋಗುವುದಿಲ್ಲ. ಪ್ರತಿ ಫ್ರೇಮಿಗೂ ವೇಗವನ್ನು ಚೂರು ತಗ್ಗಿಸಿ, ಆ ವೇಗದಲ್ಲಿ ಗೊಂಬೆಯನ್ನು ಚೂರು ಮೇಲಕ್ಕೆತ್ತುತ್ತದೆ. ಸೆಕೆಂಡಿಗೆ 60 ಸಲ ಹೀಗೆ ಕೂಡಿಸಿದರೆ ಗೊಂಬೆ ಮುಟ್ಟುವುದು 145 ಪಿಕ್ಸೆಲ್. ಸೆಕೆಂಡಿಗೆ 30 ಸಲ ಮಾತ್ರ ಕೂಡಿಸುವ ನಿಧಾನದ ಯಂತ್ರದಲ್ಲಿ 140. ಬದುವಿನ ಎತ್ತರ 143 ಇಟ್ಟರೆ ಒಬ್ಬನ ಲ್ಯಾಪ್‌ಟಾಪಿನಲ್ಲಿ ಗೊಂಬೆ ದಾಟುತ್ತದೆ, ಇನ್ನೊಬ್ಬನದರಲ್ಲಿ ಎಷ್ಟು ಒತ್ತಿದರೂ ದಾಟದು. ಡೆಲ್ಟಾದಿಂದ ಗುಣಿಸಿದ ಮೇಲೂ ಉಳಿಯುವ ತಪ್ಪು ಇದು. ನಂಬದವರು ಕಾಗದ ಪೆನ್ಸಿಲ್ ಹಿಡಿದು ಕೂಡಿಸಿ ನೋಡಬಹುದು.

ಗುಂಡಿನ ಕಥೆ ಇನ್ನೂ ವಿಚಿತ್ರ. ಸೆಕೆಂಡಿಗೆ 1,200 ಪಿಕ್ಸೆಲ್ ಓಡುವ ಗುಂಡು ಒಂದು ಫ್ರೇಮಿಗೆ 20 ಪಿಕ್ಸೆಲ್ ಜಿಗಿಯುತ್ತದೆ. ಗೋಡೆಯ ದಪ್ಪ ಹತ್ತೇ ಪಿಕ್ಸೆಲ್ ಇದ್ದರೆ, ಈ ಫ್ರೇಮಿನಲ್ಲಿ ಗೋಡೆಯ ಈಚೆ ಇದ್ದ ಗುಂಡು ಮುಂದಿನ ಫ್ರೇಮಿನಲ್ಲಿ ಆಚೆ. ತಾಗಿದ್ದನ್ನು ಯಾರೂ ನೋಡಲೇ ಇಲ್ಲ.

ಆದ್ದರಿಂದ ನುರಿತವರು ಗುರುತ್ವ, ಡಿಕ್ಕಿ ಇತ್ಯಾದಿ ಲೆಕ್ಕವನ್ನು ಪರದೆಯ ತಾಳದಿಂದ ಬಿಡಿಸಿ, ಅದಕ್ಕೇ ಬೇರೆ ತಾಳ ಹಾಕುತ್ತಾರೆ. ಪರದೆ ಎಷ್ಟಾದರೂ ಚಿತ್ರ ಬರೆದುಕೊಳ್ಳಲಿ, ಲೆಕ್ಕ ಮಾತ್ರ ಎಲ್ಲ ಯಂತ್ರದಲ್ಲೂ ಒಂದೇ ಗತಿಯಲ್ಲಿ ನಡೆಯುತ್ತದೆ. ಗೋಡೋದಲ್ಲಿ ಇದಕ್ಕೆಂದೇ 'ಫಿಸಿಕ್ಸ್ ಪ್ರೋಸೆಸ್' ಎಂಬ ಜಾಗವಿದೆ, ಬೇರೆ ಹೇಳದಿದ್ದರೆ ಅದು ಸೆಕೆಂಡಿಗೆ 60 ಸಲ ಓಡುತ್ತದೆ. ಓಟದ, ಜಿಗಿತದ ಸಾಲುಗಳನ್ನು ಅಲ್ಲಿಗೆ ಸಾಗಿಸಿದರೆ ಮೂಗೂರಿನ ಸಮಸ್ಯೆ ತೀರುತ್ತದೆ. ಎಲ್ಲರ ಗೊಂಬೆಯೂ 145ಕ್ಕೇ ನಿಲ್ಲುತ್ತದೆ. ನಿಜವಾದ 150 ಅಲ್ಲದಿದ್ದರೇನಂತೆ, ಎಲ್ಲರಿಗೂ ಒಂದೇ ನ್ಯಾಯವಾಯಿತಲ್ಲ!

ಚೂರು ಚೂರು ಕೂಡಿಸುತ್ತ ಹೋಗುವ ಈ ವಿಧಾನವನ್ನು 1768ರಲ್ಲಿ ಪುಸ್ತಕಕ್ಕೆ ತಂದವನು ಲಿಯೊನಾರ್ಡ್ ಆಯ್ಲರ್. ಗೋಡೋದಂಥ ಗೇಮ್ ಎಂಜಿನ್ನುಗಳಲ್ಲಿ ಇರುವುದು ಅದರದೇ ಸಣ್ಣ ಮಾರ್ಪಾಡು. ಅದಕ್ಕೆ ಕೆಲವು ವರ್ಷ ಮೊದಲು, 1759ರಲ್ಲಿ, ಇದೇ ಆಯ್ಲರ್ ಒಂದು ಆಟದ ಹಿಂದೆ ಬಿದ್ದಿದ್ದ: ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವುದು ಹೇಗೆ?

ಇದೇ ಕುದುರೆಯ ಹಿಂದೆ ಬಿದ್ದ ಇನ್ನೊಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಅವರ ಬುದ್ಧಿಯೆಲ್ಲ ವಿದ್ಯೆ, ಕಲೆ, ಆಟಗಳ ಕಡೆ ಹರಿಯಿತು. ಕುದುರೆ ನಡಿಗೆಯ ಬಂಧಗಳನ್ನು ಕಟ್ಟಿದರು, ಹೊಸ ಹೊಸ ಮಣೆಯಾಟಗಳನ್ನು, ಗಂಜೀಫಾ ಎಲೆಗಳ ಆಟಗಳನ್ನು ಹೂಡಿದರು. ಅವರ ಹೆಸರಿನ 'ಶ್ರೀತತ್ತ್ವನಿಧಿ' ಗ್ರಂಥದ ಒಂಬತ್ತು ನಿಧಿಗಳಲ್ಲೊಂದಾದ 'ಕೌತುಕನಿಧಿ'ಯಲ್ಲಿ ಆಟಗಳಿಗೂ ಜಾಗವಿದೆ. ಇಂದಿನ ಗೇಮ್ ಡಿಸೈನರ್ ಮಾಡುವ ಮುಖ್ಯ ಕೆಲಸವನ್ನೇ ಅವರು ಮಾಡಿದ್ದು: ಮಣೆ ಹೇಗಿರಬೇಕು, ಯಾವ ಕಾಯಿ ಎಲ್ಲಿಗೆ ಹೋಗಬಹುದು, ಗೆಲುವು ಯಾವುದು. ನಿಯಮ ಹೂಡುವ ಈ ಕೆಲಸಕ್ಕೆ ಕರೆಂಟೂ ಬೇಡ.

ಈಗ ಸುತ್ತಲಿನ ಗದ್ದಲದ ಮಾತು. ಗೇಮಿಂಗ್ ಎಂದರೆ ಸಾವಿರಾರು ಕೋಟಿಯ ಉದ್ಯಮ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಬುಡವಿಲ್ಲದೆ ಇಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರುಮಾಡಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ಆಟದ ರಾಕ್‌ಸ್ಟಾರ್. ಆದರೆ ಅಲ್ಲಿನ ಕೆಲಸದ ದೊಡ್ಡ ಪಾಲು ಬೇರೆಯವರು ಹೂಡಿದ ಆಟಕ್ಕೆ ಚಿತ್ರ ಬರೆದುಕೊಡುವುದಾಗಿತ್ತು ಎಂಬುದನ್ನೂ ನೆನಪಿಡಬೇಕು. ಇತ್ತ ಮಗ ಗೇಮ್ ಎಂದರೆ ಸಾಕು, ದುಡ್ಡು ಕಟ್ಟಿ ಆಡುವ ಜೂಜೆಂದು ಅಪ್ಪಂದಿರು ಬೆಚ್ಚುತ್ತಾರೆ. ಅವೆರಡೂ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದ್ದು ಹಣ ಹೂಡುವ ಆನ್‌ಲೈನ್ ಆಟಗಳನ್ನು. ಉಳಿದವಕ್ಕೆ ಅದೇ ಕಾಯ್ದೆ ಪ್ರೋತ್ಸಾಹ ಕೊಡುತ್ತದೆ. ಇನ್ನು ಎಐ ಕ್ಷಣದಲ್ಲಿ ಗೇಮ್ ಬರೆದುಕೊಡುತ್ತದೆ ಎನ್ನುವವರಿಗೆ ಒಂದೇ ಮಾತು: ಬರೆದುಕೊಡಲಿ, ಗೊಂಬೆ 145ಕ್ಕೆ ಯಾಕೆ ನಿಂತಿತು ಎಂದು ಗೊತ್ತಿಲ್ಲದವನಿಗೆ ಅದು ತಪ್ಪು ಬರೆದದ್ದೂ ಗೊತ್ತಾಗುವುದಿಲ್ಲ.

ಮೂಗೂರಿನ ಹುಡುಗನ ಮುಂದಿನ ಆಟಕ್ಕೆ ನನ್ನದೊಂದು ಸಲಹೆ. ಗುರುತ್ವ ಬೇಡ, ಗುಂಡು ಬೇಡ. ಮುಮ್ಮಡಿಯವರ ಕುದುರೆಯನ್ನು ಹಿಡಿಯಲಿ. ಎಂಟು ಸಾಲು, ಎಂಟು ಕಂಬ. ಮನೆ ಮುಟ್ಟಿದಂತೆಲ್ಲ ಅದರಲ್ಲಿ ಸಂಖ್ಯೆ ಮೂಡಬೇಕು. 64 ಮುಟ್ಟಿದವನು ಗೆದ್ದ. ಸಿಕ್ಕಿಕೊಂಡವನಿಗೆ ಸುಳಿವು ಕೊಡಲು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಹೇಳಿದ ಉಪಾಯವೊಂದು ಸಾಕು: ಮುಂದಕ್ಕೆ ದಾರಿ ಅತಿ ಕಡಿಮೆ ಇರುವ ಮನೆಗೇ ಮೊದಲು ಹೋಗು. ನಾಲ್ಕಾರು ಸಾಲಿನ ಕೋಡು. ಮೊದಲ ಆವೃತ್ತಿಯಲ್ಲಿ ಚಿತ್ರವೂ ಇರಕೂಡದು, ಬರೀ ಚೌಕ ಮತ್ತು ಅಂಕಿ. ಅದನ್ನು ಮನೆಯವರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಬೇಕು. ಸೋತವರು ಕೇಳದೆಯೇ ಎರಡನೇ ಸಲ ಆಡಲು ಶುರುಮಾಡಿದರೆ ನಿಯಮ ಗಟ್ಟಿಯಾಗಿದೆ ಎಂದರ್ಥ; ಆಗ ಕುದುರೆಯ ಚಿತ್ರ ಬರೆಯಲು ಕೂರಬಹುದು.