ಗೇಣುದ್ದದ ಯುದ್ಧವಿಮಾನ: ಬಣ್ಣ ಮತ್ತು ಗುರುತು

ಆಟಿಕೆಗೂ ಮಾದರಿಗೂ ಒಂದು ವ್ಯತ್ಯಾಸವುಂಟು. ಆಟಿಕೆಯ ವಿಮಾನಕ್ಕೆ ರೆಕ್ಕೆಯಿದ್ದರೆ ಸಾಕು; ಅದು ಯಾವ ವಿಮಾನ, ಯಾರ ವಿಮಾನ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಮಾದರಿಯಾದರೋ ಲೋಕದಲ್ಲಿ ನಿಜವಾಗಿ ಹಾರಿದ ಒಂದು ವಿಮಾನದ ಪ್ರತಿರೂಪ. ಅದರ ಆಕಾರ ಎಷ್ಟೇ ಕರಾರುವಾಕ್ಕಾಗಿರಲಿ, ಬಣ್ಣ ಬಳಿದು ಗುರುತುಗಳನ್ನು ಹಚ್ಚುವ ತನಕ ಅದಕ್ಕೆ ದೇಶವಿಲ್ಲ, ಕಾಲವಿಲ್ಲ, ಒಡೆಯನಿಲ್ಲ. ಈ ಬಣ್ಣ ಮತ್ತು ಗುರುತುಗಳ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಅಷ್ಟೊಂದು ಎಚ್ಚರ ಏಕೆ ಬೇಕು ಎಂಬುದನ್ನು ಈಗ ವಿಚಾರಮಾಡೋಣ.

ನಾನಿರುವ ಹೆಬ್ಬೂರು ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿರುವ ಹೋಬಳಿಯ ಊರು. ರಾಗಿ, ತೆಂಗು, ಅಡಕೆಗಳ ಈ ಸೀಮೆಗೂ ವಿಮಾನಕ್ಕೂ ಏನು ನಂಟು ಎಂದು ಹಿಂದಿನವರು ಕೇಳಬಹುದಿತ್ತು. ಈಗ ಹಾಗೆ ಕೇಳುವಂತಿಲ್ಲ. ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದೇ ಸಂಸ್ಥೆ ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ್ದು. ಅಲ್ಲಿಯೇ ಸಿದ್ಧವಾದ ಮರುತ್ ಎಂಬ ಜೆಟ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಇಂಥ ನಾಡಿನ ಹುಡುಗರು ಮಾದರಿ ವಿಮಾನದ ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಬಿಚ್ಚಿಕೊಂಡು ಕೂತರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಾದರಿಗಳಲ್ಲಿ ಬಹು ಪ್ರಚಲಿತವಾದ ಅಳತೆ ಎಪ್ಪತ್ತೆರಡರಲ್ಲಿ ಒಂದು ಪಾಲು. ಆರು ಅಡಿಗೆ ಒಂದು ಅಂಗುಲ ಎಂದರೆ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ನಿಂತ ಆಳು ಇಲ್ಲಿ ಒಂದು ಅಂಗುಲವಾಗುತ್ತಾನೆ. ಉದಾಹರಣೆಗೆ, ನಮ್ಮ ವಾಯುಪಡೆ 1957ರಿಂದ ಬಳಸಿದ ಮಿಸ್ಟೇರ್ ಎಂಬ ಫ್ರೆಂಚ್ ವಿಮಾನವನ್ನು ತೆಗೆದುಕೊಳ್ಳೋಣ. ಅದರ ಉದ್ದ 12.85 ಮೀಟರು. ಮಾದರಿಯಲ್ಲಿ ಇದು 18 ಸೆಂಟಿಮೀಟರಿಗೆ ಇಳಿಯುತ್ತದೆ, ಅಂದರೆ ಗೇಣಿಗೂ ತುಸು ಕಡಮೆ.

ಮಿಸ್ಟೇರನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. 1965ರ ಸೆಪ್ಟೆಂಬರ್ 7ರಂದು ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳು ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೋದುವು. ಅವುಗಳಲ್ಲಿ ಒಂದನ್ನು ನಡೆಸುತ್ತಿದ್ದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನವೊಂದು ಅವರ ಮೇಲೆರಗಿತು. ವೇಗದಲ್ಲಿ ಅದಕ್ಕೆ ಎಣೆಯಲ್ಲದ ಮಿಸ್ಟೇರಿನಿಂದಲೇ ದೇವಯ್ಯನವರು ಅದನ್ನು ಹೊಡೆದುರುಳಿಸಿದರು. ಎದುರಾಳಿ ಧುಮುಕಿ ಬದುಕಿಕೊಂಡ, ದೇವಯ್ಯನವರು ಹಿಂತಿರುಗಲಿಲ್ಲ. ಜೊತೆಗಾರರಾರೂ ಈ ಹೋರಾಟವನ್ನು ಕಣ್ಣಾರೆ ಕಂಡಿರಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಗ್ರಂಥವೊಂದು 1979ರಲ್ಲಿ ಹೊರಬಂದ ಮೇಲೆ, ಎದುರು ಪಕ್ಷದ ಕಡೆಯಿಂದಲೇ ಸಂಗತಿ ಬೆಳಕಿಗೆ ಬಂದಿತು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ. ಇಂಥ ವಿಮಾನದ ಮಾದರಿಯನ್ನು ಮಾಡುವವನು ಬಣ್ಣದ ವಿಷಯದಲ್ಲಿ ಉದಾಸೀನನಾಗಿರಲು ಹೇಗೆ ಸಾಧ್ಯ?

ಇನ್ನು ಕೆಲಸಕ್ಕೆ ಬರೋಣ. ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿನ ಭಾಗಗಳ ಮೇಲೆ ಕಣ್ಣಿಗೆ ಕಾಣದ ಎಣ್ಣೆಯ ಪಸೆ ಇರುತ್ತದೆ. ಜಿಡ್ಡಿನ ಮೇಲೆ ಬಣ್ಣ ಹಿಡಿಯದು. ಆದಕಾರಣ ಸಾಬೂನಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವುದು ಮೊದಲ ಕೆಲಸ. ಜೋಡಿಸಿದ ಬಳಿಕ ಸಂದುಗಳಿಗೆ ಪುಟ್ಟಿ ತುಂಬಿ, ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಬೇಕು. ಆಮೇಲೆ ಪ್ರೈಮರ್ ಎನ್ನುವ ಬೂದುಬಣ್ಣದ ತಳಲೇಪ. ಈ ತಳಲೇಪದ ತತ್ತ್ವ ನಮಗೆ ಹೊಸದಲ್ಲ. ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಹುಣಿಸೆಬೀಜದ ಅಂಟಿನಿಂದ ಸಂದುಗಳನ್ನು ಮುಚ್ಚಿ, ಕಲ್ಲಿನ ಪುಡಿಯನ್ನು ಅಂಟಿನೊಡನೆ ಕಲಸಿ ಲೇಪಿಸಿ, ಮೈಯನ್ನು ಸಮಮಾಡಿಕೊಂಡೇ ಅವರು ಕುಂಚ ಹಿಡಿಯುವುದು. ತಳಲೇಪ ಮೂರು ಉಪಕಾರಗಳನ್ನು ಮಾಡುತ್ತದೆ: ಬಣ್ಣ ಕಚ್ಚಿಕೊಳ್ಳಲು ನೆಲೆ ಕೊಡುತ್ತದೆ, ಇಡೀ ಮೈಯನ್ನು ಒಂದೇ ಬಣ್ಣಕ್ಕೆ ತರುತ್ತದೆ, ಉಜ್ಜುವಾಗ ಕಣ್ತಪ್ಪಿದ ಗೀರುಗಳನ್ನು ತೋರಿಸಿಕೊಡುತ್ತದೆ.

ಬಣ್ಣ ಬಳಿಯುವಾಗ ನೆನಪಿಡಬೇಕಾದ ಸೂತ್ರ ಒಂದೇ: ತೆಳುವಾಗಿರಲಿ. ಇದರ ಹಿಂದೊಂದು ಲೆಕ್ಕವಿದೆ. ಮಾದರಿಯ ಮೇಲೆ ಬಣ್ಣ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಾಗಿ ಕೂತಿತೆನ್ನಿ. ಅದನ್ನು ಎಪ್ಪತ್ತೆರಡರಿಂದ ಗುಣಿಸಿದರೆ, ನಿಜ ವಿಮಾನದ ಮೇಲೆ ಏಳು ಮಿಲಿಮೀಟರಿಗೂ ಹೆಚ್ಚು ದಪ್ಪದ ಬಣ್ಣ ಮೆತ್ತಿದಂತಾಯಿತು! ತಗಡುಗಳ ಸೇರುವೆಯ ಗೆರೆಗಳೆಲ್ಲ ಅದರಲ್ಲಿ ಹೂತುಹೋಗುತ್ತವೆ. ಆದ್ದರಿಂದ ಬಣ್ಣವನ್ನು ಹಾಲಿನ ಹದಕ್ಕೆ ತೆಳುಮಾಡಿಕೊಂಡು ಎರಡು ಮೂರು ಸಲ ಬಳಿಯಬೇಕು. ಕುಂಚದಲ್ಲಿ ಬಳಿಯುವವರು ಮೊದಲ ಲೇಪವನ್ನು ಒಂದು ದಿಕ್ಕಿಗೆ ಎಳೆದು, ಅದು ಪೂರ್ತಿಯಾಗಿ ಒಣಗಿದ ಮೇಲೆ ಎರಡನೆಯದನ್ನು ಅಡ್ಡಲಾಗಿ ಎಳೆದರೆ ಕುಂಚದ ಗೀರುಗಳು ಉಳಿಯವು. ಗಾಳಿಯ ಒತ್ತಡದಿಂದ ಸಿಂಪಡಿಸುವ ಏರ್‌ಬ್ರಷ್ ಇದ್ದವರಿಗೂ ಈ ಸೂತ್ರ ತಪ್ಪಿದ್ದಲ್ಲ. ತಿಳಿಬಣ್ಣ ಮೊದಲು, ಗಾಢವಾದುದು ಅನಂತರ.

1965ರ ಕಾಲದ ಮಿಸ್ಟೇರ್‌ಗಳು ಬಹುಮಟ್ಟಿಗೆ ಲೋಹದ ಸಹಜ ಹೊಳಪಿನಲ್ಲಿಯೇ ಇದ್ದುವು. ಲೋಹದ ಬಣ್ಣ ಬಳಿಯುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದು ಯಾವ ದೋಷವನ್ನೂ ಮರೆಮಾಡುವುದಿಲ್ಲ. ಬೆರಳಚ್ಚು ಕೂಡ ಎದ್ದು ಕಾಣುತ್ತದೆ. ಅನುಭವಿಗಳು ಮೊದಲು ಹೊಳೆಯುವ ಕಪ್ಪನ್ನು ಬಳಿದು, ಅದರ ಮೇಲೆ ಅಲ್ಯೂಮಿನಿಯಮ್ ಬಣ್ಣವನ್ನು ಮಂಜು ಕವಿಸಿದಂತೆ ಸಿಂಪಡಿಸುತ್ತಾರೆ. ಆಗ ಅದಕ್ಕೆ ಲೋಹದ ಆಳ ಬರುತ್ತದೆ. 1971ರ ಯುದ್ಧದ ಹೊತ್ತಿಗೆ ನಮ್ಮ ಹಲವು ವಿಮಾನಗಳು ಹಸಿರು ಕಂದುಗಳ ಮರೆಮಾಚುವ ಬಣ್ಣ ಹೊದ್ದುಕೊಂಡಿದ್ದುವು. ಹೀಗೆ ಒಂದೇ ವಿಮಾನ ಇಸವಿಗೊಂದು ವೇಷ ತೊಡುವುದುಂಟು. ಇಸವಿ ತಿಳಿಯದೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಬಾರದು.

ಬಣ್ಣದ ಮೇಲೆ ಬರುವುದು ಗುರುತು. ಇದಕ್ಕೆ ಡೆಕಾಲ್ ಎಂದು ಹೆಸರು. ನಕಲು ಇಳಿಸುವುದು ಎಂಬರ್ಥದ ಫ್ರೆಂಚ್ ಕ್ರಿಯಾಪದಕ್ಕೆ ಹುಚ್ಚು ಎಂಬರ್ಥದ ಪದ ಸೇರಿ ಆದ ಡೆಕಾಲ್ಕೊಮಾನಿ ಎಂಬ ಉದ್ದನೆಯ ಮಾತಿನ ತುಂಡು ಇದು. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಕಂಡ ಕಂಡ ವಸ್ತುಗಳಿಗೆಲ್ಲ ಚಿತ್ರ ಇಳಿಸುವ ಹುಚ್ಚು ಹಬ್ಬಿದ್ದುದರ ಕುರುಹು ಆ ಹೆಸರಿನಲ್ಲಿ ಉಳಿದಿದೆ. ನಮ್ಮ ಮನೆಗಳ ಹಳೆಯ ಹೊಲಿಗೆ ಯಂತ್ರಗಳ ಕಪ್ಪು ಮೈಮೇಲಿನ ಹೊಂಬಣ್ಣದ ಬಳ್ಳಿಗಳೂ ಅಕ್ಷರಗಳೂ ಇದೇ ಜಾತಿಯವು.

ಡೆಕಾಲ್ ಎಂದರೆ ಅತಿ ತೆಳುವಾದ ಪೊರೆಯ ಮೇಲೆ ಅಚ್ಚಾದ ಚಿತ್ರ. ಅಂಟು ಬಳಿದ ಕಾಗದದ ಮೇಲೆ ಅದು ಕೂತಿರುತ್ತದೆ. ಬೇಕಾದ ಗುರುತನ್ನು ಕತ್ತರಿಸಿ ಉಗುರುಬೆಚ್ಚನೆಯ ನೀರಿನಲ್ಲಿ ಹದಿನೈದಿಪ್ಪತ್ತು ಸೆಕೆಂಡು ಅದ್ದಿ, ತೆಗೆದು ಬಟ್ಟೆಯ ಮೇಲಿಡಬೇಕು. ಒಂದು ನಿಮಿಷದಲ್ಲಿ ಅಂಟು ಕರಗಿ ಪೊರೆ ಸಡಿಲವಾಗುತ್ತದೆ. ಆಗ ಅದನ್ನು ಎತ್ತಬಾರದು. ಕಾಗದವನ್ನು ಮಾದರಿಗೆ ತಾಗಿಸಿ, ಒದ್ದೆ ಕುಂಚದಿಂದ ಪೊರೆಯನ್ನು ಜಾರಿಸಬೇಕು. ಜಾಗಕ್ಕೆ ಸರಿಯಾಗಿ ಕೂತ ಮೇಲೆ ನಡುವಿನಿಂದ ಅಂಚಿನ ಕಡೆಗೆ ಹತ್ತಿಯಿಂದ ಮೆಲ್ಲನೆ ಒತ್ತಿ ನೀರನ್ನೂ ಗಾಳಿಯನ್ನೂ ಹೊರಡಿಸಬೇಕು. ಉಬ್ಬುತಗ್ಗಿನ ಜಾಗವಿದ್ದರೆ ಪೊರೆಯನ್ನು ಮೆದುಮಾಡುವ ದ್ರಾವಣ ಸಿಕ್ಕುತ್ತದೆ; ನೀರು ಬೆರೆಸಿದ ವಿನಿಗರ್‌ನಿಂದಲೂ ಕೆಲವರು ಕೆಲಸ ತೂಗಿಸುವುದುಂಟು. ದ್ರಾವಣ ಬಿದ್ದೊಡನೆ ಪೊರೆ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಿದರೆ ಹರಿಯಿತೆಂದೇ ಲೆಕ್ಕ. ಕೈ ಕಟ್ಟಿ ಕೂತರೆ ಅದು ತಾನಾಗಿಯೇ ಮೈಗೆ ಅಪ್ಪಿಕೊಳ್ಳುತ್ತದೆ.

ಇದಕ್ಕೆ ಮುಂಚೆ ಮಾಡಲೇಬೇಕಾದ ಇನ್ನೊಂದು ಕೆಲಸವಿದೆ. ಹೊಳಪಿಲ್ಲದ ಬಣ್ಣದ ಮೇಲ್ಮೈ ನೋಡಲು ನಯವಾಗಿದ್ದರೂ ವಾಸ್ತವವಾಗಿ ತರಿತರಿ. ಒದ್ದೆ ಕಾಗದ ಗಾಜಿಗೆ ಅಂಟುವಂತೆ ಗಾರೆಗೋಡೆಗೆ ಅಂಟುವುದೇ? ತರಿಗಳ ನಡುವೆ ಸಿಕ್ಕಿಕೊಂಡ ಗಾಳಿ ಬೆಳಕನ್ನು ಚದರಿಸಿ, ಗುರುತಿನ ಸುತ್ತ ಬೆಳ್ಳಿಯ ಪೊರೆಯಂತೆ ಹೊಳೆಯುತ್ತದೆ. ಆದುದರಿಂದ ಗುರುತಿಗೆ ಮೊದಲು ಹೊಳಪಿನ ವಾರ್ನಿಷ್ ಬಳಿದು ಮೈಯನ್ನು ಗಾಜಿನಂತೆ ಮಾಡಿಕೊಳ್ಳಬೇಕು. ಗುರುತು ಒಣಗಿದ ಮೇಲೆ, ಮರೆಮಾಚುವ ಬಣ್ಣದ ವಿಮಾನವಾದರೆ ಹೊಳಪಿಲ್ಲದ ವಾರ್ನಿಷ್, ಲೋಹದ ಮೈಯದಾದರೆ ಹದವಾದ ಹೊಳಪಿನದು. ಅಲ್ಲಿಗೆ ಗುರುತೂ ಬಣ್ಣವೂ ಒಂದೇ ಮೈಯಾಗುತ್ತವೆ.

ಆದರೆ ಯಾವ ಗುರುತು? ಭಾರತೀಯ ವಾಯುಪಡೆ 1932ರ ಅಕ್ಟೋಬರ್ 8ರಂದು ಸ್ಥಾಪಿತವಾದಾಗ ಅದರ ವಿಮಾನಗಳ ಮೇಲೆ ಬ್ರಿಟಿಷರ ಕೆಂಪು ಬಿಳಿ ನೀಲಿಯ ವೃತ್ತವಿತ್ತು. ಎರಡನೆಯ ಮಹಾಯುದ್ಧ ಬರ್ಮಾದ ಗಡಿಗೆ ಬಂದಾಗ ನಡುವಿನ ಕೆಂಪು ಬೊಟ್ಟು ಅಪಾಯಕ್ಕೆ ಕಾರಣವಾಯಿತು. ಜಪಾನೀಯರ ಗುರುತು ಕೆಂಪು ಸೂರ್ಯ. ಕ್ಷಣಾರ್ಧದಲ್ಲಿ ಕೆಂಪನ್ನು ಕಂಡವನು ತನ್ನವರ ಮೇಲೆಯೇ ಗುಂಡು ಹಾರಿಸಬಹುದಾಗಿತ್ತು. ಆದಕಾರಣ ಆ ರಣರಂಗದ ವಿಮಾನಗಳಿಂದ ಕೆಂಪನ್ನೇ ಅಳಿಸಿ ನೀಲಿಯ ಛಾಯೆಗಳನ್ನು ಉಳಿಸಿಕೊಂಡರು. ಸ್ವಾತಂತ್ರ್ಯಾನಂತರ ಕೆಲಕಾಲ ಅಶೋಕ ಚಕ್ರ ಮೆರೆಯಿತು. 1950ರಿಂದ ಈಚೆಗೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಬಾಲದ ಮೇಲಿನ ಪಟ್ಟಿಯಲ್ಲಿ ಕೇಸರಿ ಯಾವಾಗಲೂ ಮುಂದಿನ ಅಂಚಿಗೆ. ಹಾಗಾಗಿ ಎಡಬಲಗಳ ಪಟ್ಟಿಗಳು ಕನ್ನಡಿಯ ಪ್ರತಿಬಿಂಬಗಳಂತೆ ಇರುತ್ತವೆ; ಅದಲುಬದಲಾದರೆ ಬಲ್ಲವರ ಕಣ್ಣಿಗೆ ಒಡನೆಯೇ ಬೀಳುತ್ತದೆ. 1944ರ ಜೂನ್ ತಿಂಗಳಿನಲ್ಲಿ ನಾರ್ಮಂಡಿಗೆ ಹೊರಟ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಗುರುತು ಸಿಗಲೆಂದು ಕಪ್ಪು ಬಿಳುಪಿನ ಪಟ್ಟೆಗಳನ್ನು ಅವಸರ ಅವಸರವಾಗಿ ಬಳಿದರು. ಅವನ್ನು ಮಾದರಿಯ ಮೇಲೆ ಅಳತೆಪಟ್ಟಿ ಹಿಡಿದು ತೀರ ಅಂದವಾಗಿ ಎಳೆದರೆ ಅಂದವೇ ಸುಳ್ಳಾಗುತ್ತದೆ.

ವೃತ್ತ ದೇಶವನ್ನು ಹೇಳಿದರೆ, ಕ್ರಮಸಂಖ್ಯೆ ಒಂದೇ ಒಂದು ವಿಮಾನವನ್ನು ಬೆರಳು ಮಾಡಿ ತೋರಿಸುತ್ತದೆ. ನಮ್ಮ ಮಿಸ್ಟೇರ್‌ಗಳ ಸಂಖ್ಯೆ ಐಎ ಎಂಬ ಅಕ್ಷರಗಳಿಂದ, ಹಂಟರ್‌ಗಳದು ಬಿಎ ಎಂಬುದರಿಂದ, ನ್ಯಾಟ್‌ಗಳದು ಐಇ ಎಂಬುದರಿಂದ ತೊಡಗುತ್ತಿತ್ತು. ಇಲ್ಲಿ ನನಗೆ ನೆನಪಾಗುವುದು ನಮ್ಮ ವೀರಗಲ್ಲುಗಳು. ನಾಡಿನ ಎಷ್ಟೋ ಊರುಗಳ ಕೆರೆಯೇರಿಗಳ ಬಳಿ, ಗುಡಿಗಳ ಬಳಿ ಅವು ನಿಂತಿವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಶಿಲ್ಪ ಎಲ್ಲ ಕಲ್ಲುಗಳಲ್ಲಿಯೂ ಹೆಚ್ಚುಕಡಮೆ ಒಂದೇ. ಒಂದೆರಡು ಸಾಲು ಬರಹವಿದ್ದ ಕಲ್ಲು ಮಾತ್ರ, ಇಂಥವನು ಇಂಥ ಊರಿನ ತುರುಗಳನ್ನು ಬಿಡಿಸಲು ಹೋಗಿ ಮಡಿದ ಎಂದು ನಮ್ಮೊಡನೆ ಮಾತನಾಡುತ್ತದೆ. ಬರಹವಿಲ್ಲದ ಕಲ್ಲಿಗೆ ಜನ ಎಣ್ಣೆ ಎರೆದು ಕೈ ಮುಗಿಯುತ್ತಾರೆ. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಮಾದರಿಯ ಬಾಲದ ಬಳಿಯ ಅಕ್ಕಿಕಾಳಿನಷ್ಟು ಸಂಖ್ಯೆ ಆ ಬರಹದ ಜಾಗದಲ್ಲಿದೆ. ಅದು ತಪ್ಪಾದರೆ ಒಬ್ಬನ ಕಥೆ ಇನ್ನೊಬ್ಬನ ಪಾಲಾಗುತ್ತದೆ.

ಕೊನೆಯದಾಗಿ ಮಾಸಲು ಮತ್ತು ಮಸಿಯ ಕೆಲಸ. ಹಾರಿದ ವಿಮಾನ ಹೊಸದಾಗಿ ಉಳಿಯುವುದಿಲ್ಲ. ಫಿರಂಗಿಯ ಬಾಯಲ್ಲಿ ಹೊಗೆಯ ಕಲೆ, ತಗಡಿನ ಗೆರೆಗಳಲ್ಲಿ ಎಣ್ಣೆಯ ಕೊಳೆ ಇರುವುದು ಸಹಜವೇ. ಆದರೆ ನಮ್ಮ ಅಲಂಕಾರಿಕರು ಔಚಿತ್ಯವೆಂದು ಕರೆದದ್ದನ್ನು ಇಲ್ಲಿ ಮರೆಯಬಾರದು. ಕೊಳೆ ಬಳಿಯುವ ಹುರುಪಿನಲ್ಲಿ, ದಿನವೂ ವಿಮಾನವನ್ನು ಒರೆಸಿ ಸಿದ್ಧಗೊಳಿಸುತ್ತಿದ್ದ ನೆಲದ ಸಿಬ್ಬಂದಿಯ ಶ್ರಮವನ್ನು ಅಳಿಸಿಬಿಡುತ್ತೇವೆ. ಸಾಲದೆಂದು ಕಂಡಾಗಲೇ ನಿಲ್ಲಿಸುವುದು ಲೇಸು.

ಬಣ್ಣ ಯಾವುದೆಂದು ತಿಳಿಯಲು ಆ ಕಾಲದ ಛಾಯಾಚಿತ್ರಗಳನ್ನು ನೋಡಬೇಕು. ಅವು ಬಹುಪಾಲು ಕಪ್ಪು ಬಿಳುಪಿನವು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮರುತ್ ಮೊದಲಾದ ವಿಮಾನಗಳನ್ನು ಕಣ್ಣಾರೆ ನೋಡಬಹುದು. ಆದರೆ ಅಂಗಳದಲ್ಲಿ ನಿಂತ ವಿಮಾನಕ್ಕೆ ಈಚಿನವರು ಹೊಸ ಬಣ್ಣ ಬಳಿದಿರಬಹುದೆಂಬ ಎಚ್ಚರವಿರಲಿ. ಇವೆರಡಕ್ಕಿಂತ ಹತ್ತಿರದ ಆಕರ ನಮ್ಮ ಊರುಗಳಲ್ಲಿಯೇ ಉಂಟು. ವಾಯುಪಡೆಯಲ್ಲಿ ದುಡಿದು ಬಂದವರು, ಬೆಂಗಳೂರಿನ ಕಾರ್ಖಾನೆಯಲ್ಲಿ ಬಣ್ಣ ಬಳಿದು ರಿವೆಟ್ ಹೊಡೆದವರು ಇಂದು ಮುಪ್ಪಿನಲ್ಲಿ ಜಗಲಿಯ ಮೇಲೆ ಕೂತಿದ್ದಾರೆ. ಆ ಹಸಿರು ಎಂಥ ಹಸಿರು, ಅದನ್ನು ಯಾವಾಗ ಬಳಿದಿರಿ ಎಂದು ಕೇಳುವವರು ಬೇಕು. ಮಾದರಿ ಮಾಡುವ ಹುಡುಗರು ಈ ವರ್ಷವೇ ಹೋಗಿ ಕೇಳಲಿ. ಹೇಳಿದ್ದನ್ನು ಬರೆದುಕೊಳ್ಳಲಿ. ಮಾದರಿಯ ಪೀಠದ ಮೇಲೆ ವಿಮಾನದ ಸಂಖ್ಯೆ, ಇಸವಿ, ನಡೆಸಿದವರ ಹೆಸರು, ಹೇಳಿದವರ ಹೆಸರು ಇಷ್ಟನ್ನೂ ಕಾಣಿಸಲಿ.

(ಬಾನುಲಿ ಭಾಷಣ)