ಬುಕಾನನ್ ಕಂಡ ಹೊಲ ಮತ್ತು ಕಣ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಜನ ಹೇಗೆ ಬಾಳುತ್ತಾರೆ ಎಂಬುದನ್ನು ಈಸ್ಟ್ ಇಂಡಿಯಾ ಕಂಪನಿ ಅರಿಯಬೇಕಾಗಿತ್ತು. ಆ ಕೆಲಸಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿ ಆರಿಸಿದ್ದು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು. ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರವನ್ನೂ ಅಭ್ಯಾಸ ಮಾಡಿದ್ದ ಈತ ಬರ್ಮಾದ ಗಿಡಮರಗಳನ್ನು ಅದಾಗಲೇ ಪರಿಶೀಲಿಸಿ ಬಂದಿದ್ದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಪ್ರಾಂತಗಳನ್ನು ಸುತ್ತಿ ಮರುವರ್ಷ ಹಿಂದಿರುಗಿದ.

ಅವನಿಗಿತ್ತ ಆದೇಶದಲ್ಲಿ ಬೇಸಾಯಕ್ಕೇ ಅಗ್ರಸ್ಥಾನ. ಹೂವಿನ ಎಸಳೆಣಿಸುವ ನಿಷ್ಠೆಯಿಂದಲೇ ಆತ ರಾಗಿಯ ಹೊಲವನ್ನೂ ನೋಡಿದ. ಎಷ್ಟು ಸಲ ಉಳುತ್ತಾರೆ, ಗೊಬ್ಬರ ಯಾವಾಗ ಹಾಕುತ್ತಾರೆ, ಬೀಜವೆಷ್ಟು, ರಾಗಿಯ ನಡುನಡುವೆ ಅವರೆ ತೊಗರಿಗಳ ಸಾಲು ಬರುವುದು ಹೇಗೆ, ಎಲ್ಲವನ್ನೂ ಬರೆದುಕೊಂಡ. ಬಿತ್ತುವ ಕೂರಿಗೆಯ ಚಿತ್ರವನ್ನೂ ತನ್ನ ಗ್ರಂಥದಲ್ಲಿ ಸೇರಿಸಿದ.

ಬೆಂಗಳೂರಿನ ಕಡೆಯ ಕಣದ ವಿವರ ಇನ್ನೂ ಸ್ವಾರಸ್ಯಕರ. ಧಾನ್ಯದ ರಾಶಿಯನ್ನು ಸರ್ಕಾರವೂ ರೈತನೂ ಹಂಚಿಕೊಳ್ಳುವ ಮುನ್ನ ದೇವರಿಗೆ, ಜೋಯಿಸನಿಗೆ, ಕ್ಷೌರಿಕನಿಗೆ, ಕುಂಬಾರನಿಗೆ, ಅಗಸನಿಗೆ, ಶಾನುಭೋಗನಿಗೆ, ಕೆರೆಯ ನೀರು ಬಿಡುವ ನೀರುಗಂಟಿಗೆ ಇಂತಿಷ್ಟು ಸೇರೆಂದು ಅಳೆದು ತೆಗೆಯುತ್ತಿದ್ದರು. ಬುಕಾನನ್ ಇದನ್ನು ಪಟ್ಟಿಯಾಗಿಯೇ ಕೊಟ್ಟಿದ್ದಾನೆ. ಊರು ತನ್ನವರನ್ನು ಪೊರೆಯುತ್ತಿದ್ದ ಬಗೆ ಅದರಲ್ಲಿದೆ. ಯಾರ ಪಾಲು ಹಿರಿದು, ಯಾರದು ಕಿರಿದು ಎಂಬುದೂ ಇದೆ.

ಆದರೆ ಈ ಬರಹವನ್ನು ಓದುವಾಗ ಒಂದು ಎಚ್ಚರ ಬೇಕು. ಪರೀಕ್ಷಿಸುವವನಿಂದ ಗಿಡ ಏನನ್ನೂ ಬಚ್ಚಿಡದು. ಮನುಷ್ಯನ ರೀತಿ ಬೇರೆ. ದುಭಾಷಿಯನ್ನು ಜೊತೆಗಿಟ್ಟುಕೊಂಡು ಬಂದ ಈ ಹೊಸ ಪ್ರಭುತ್ವದ ಮನುಷ್ಯ, ಒಂದು ಖಂಡುಗ ಬಿತ್ತಿದರೆ ಎಷ್ಟು ಬೆಳೆಯುತ್ತದೆಂದು ಕೇಳಿದಾಗ, ಉತ್ತರದ ಬೆನ್ನಿಗೇ ಕಂದಾಯ ಏರೀತೆಂಬ ಅಂಜಿಕೆ ರೈತನಿಗೆ ಸಹಜವಾಗಿತ್ತು. ಜನರ ಮಾತನ್ನು ನಂಬುವುದು ಕಷ್ಟವೆಂದು ಬುಕಾನನ್ ಅಲ್ಲಲ್ಲಿ ಗೊಣಗುತ್ತಾನೆ. ಅದನ್ನು ಜನರ ದೋಷವೆಂದೇ ತಿಳಿಯಬೇಕಾಗಿಲ್ಲ. ಕೇಳಿದವನು ಯಾರೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

1807ರಲ್ಲಿ ಈ ಪ್ರವಾಸಕಥನ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಕಂಪನಿ ಹುಡುಕಿದ್ದು ನಾಡಿನ ಹುಟ್ಟುವಳಿಯನ್ನು. ನಮಗಾದರೋ ಅದು ನಮ್ಮ ಹಿರಿಯರ ಹೊಲ, ಕಣಗಳ ಅಪರೂಪದ ದಾಖಲೆ. ಅಲ್ಲಿಯ ಅಂಕಿಗಳನ್ನು ಎತ್ತಿಕೊಳ್ಳುವಾಗ, ಪರದೇಶದವನೆದುರು ನಿಂತು, ತುಸು ತಡೆದು, ಅಳೆದು ತೂಗಿ ಉತ್ತರವಿತ್ತ ಆ ರೈತನನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.