ಹಗಲು ಕರೆಂಟಿನ ಕಾಲ ಬರ್ತಿದೆ: ಸೋಲಾರ್‌ಗೆ ಸಹಿ ಹಾಕೋ ಮುಂಚೆ ಇದನ್ನೊಮ್ಮೆ ಓದಿ

‘ನಿಮ್ಮ ಹೊಲಕ್ಕೆ ಸೋಲಾರ್ ಹಾಕ್ತೀವಿ. ವರ್ಷಕ್ಕೆ ಎಕರೆಗೆ ಇಷ್ಟು ಸಾವಿರ ಬಾಡಿಗೆ. ಇವತ್ತೇ ರಿಜಿಸ್ಟ್ರೇಷನ್ ಫೀ ಕಟ್ಟಿ.’

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ನಮ್ಮ ಓದುಗರಲ್ಲಿ ಎಷ್ಟೋ ಜನರ ವಾಟ್ಸಾಪ್‌ಗೆ ಇಂಥ ಮೆಸೇಜ್ ಬಂದಿರಬಹುದು. ಇದರಲ್ಲಿ ನಿಜವೂ ಇದೆ, ಮೋಸವೂ ಇದೆ. ಎರಡನ್ನೂ ಬೇರೆ ಮಾಡಿ ನೋಡೋಣ.

ರಾತ್ರಿ ಕರೆಂಟು ಯಾಕೆ ಬರ್ತಿತ್ತು?

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವಾಗ ಕುಡಿತಿನಿ ಹತ್ತಿರ ಬಿಟಿಪಿಎಸ್ ಚಿಮಣಿಗಳನ್ನು ನೋಡಿರ್ತೀರಿ. 500 ಮೆಗಾವ್ಯಾಟಿನ ಎರಡು ಘಟಕ, 700ರದ್ದು ಒಂದು, ಒಟ್ಟು 1,700 ಮೆಗಾವ್ಯಾಟ್. ಇದಕ್ಕೆ ಬೇಕಾದ ಕಲ್ಲಿದ್ದಲು ನಮ್ಮ ರಾಜ್ಯದಲ್ಲಿ ಸಿಗೋದಿಲ್ಲ, ಹೊರಗಿನಿಂದ ರೈಲಿನಲ್ಲಿ ಬರಬೇಕು.

ಕಲ್ಲಿದ್ದಲಿನ ಬಾಯ್ಲರನ್ನು ಮನೆಯ ಬಲ್ಬಿನ ಹಾಗೆ ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸೋಕೆ ಆಗಲ್ಲ. ರಾತ್ರಿ ಊರು ಮಲಗಿದಾಗಲೂ ಅದು ಉರಿಯುತ್ತಲೇ ಇರಬೇಕು. ಆಗ ಉಳಿಯುವ ಕರೆಂಟು ಹೊಲದ ಪಂಪಿಗೆ ಬರುತ್ತಿತ್ತು. ಅದಕ್ಕೇ ನಮ್ಮ ಅಪ್ಪಂದಿರು ಬ್ಯಾಟರಿ ಹಿಡಿದು, ಹಾವು ಚೇಳು ಲೆಕ್ಕಿಸದೆ, ನಡುರಾತ್ರಿ ನೀರು ಕಟ್ಟೋಕೆ ಹೋಗಿದ್ದು.

ಲೆಕ್ಕ ಹಾಕಿ ನೋಡಿ. 5 ಎಚ್‌ಪಿ ಮೋಟಾರು 7 ಗಂಟೆ ಓಡಿದರೆ ಸುಮಾರು 26 ಯೂನಿಟ್. ಒಂದು ಯೂನಿಟ್ಟಿಗೆ ಹೆಚ್ಚುಕಮ್ಮಿ ಮುಕ್ಕಾಲು ಕೆಜಿ ಕಲ್ಲಿದ್ದಲು ಬೇಕು. ಅಂದರೆ ದಿನಕ್ಕೆ ಒಂದು ಪಂಪಿಗೆ ಸುಮಾರು 20 ಕೆಜಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ನಮಗೆ ಉಚಿತ, ನಿಜ. ಆದರೆ ಆ ಹಣವನ್ನು ಸರ್ಕಾರ ಕಟ್ಟುತ್ತಿದೆ, ಆ ಹೊಗೆಯನ್ನು ನಾವೆಲ್ಲ ಉಸಿರಾಡುತ್ತಿದ್ದೇವೆ.

ಈಗ ಏನು ಬದಲಾಗ್ತಿದೆ?

ಹೊಗೆಯಿಲ್ಲದ ಕರೆಂಟು ನಮ್ಮ ಕಡೆ ಹೊಸದೇನಲ್ಲ. ತುಂಗಭದ್ರಾ ಅಣೆಕಟ್ಟಿನ ಬುಡದಲ್ಲಿ 1957ರಿಂದಲೇ ಟರ್ಬೈನ್ ತಿರುಗುತ್ತಿದೆ. ಅಲ್ಲಿ ಮತ್ತು ಹಂಪಿಯ ಪವರ್ ಹೌಸಿನಲ್ಲಿ ಕರೆಂಟು ಕೊಟ್ಟು ಬಂದ ನೀರೇ ಎಲ್‌ಎಲ್‌ಸಿ ಹಿಡಿದು ಸಿರುಗುಪ್ಪದ ಭತ್ತಕ್ಕೆ ಹರಿಯುತ್ತದೆ. ಹೊಸದು ಅಂದರೆ ಬಿಸಿಲಿನ ಲೆಕ್ಕ.

2025ರ ಜೂನ್ ಹೊತ್ತಿಗೆ ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಬಿಟ್ಟು ಬೇರೆ ಮೂಲಗಳದ್ದಾಯಿತು. 2030ಕ್ಕೆ ಮುಟ್ಟಬೇಕಿದ್ದ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಆದರೂ ನಾವು ಬಳಸುವ ಯೂನಿಟ್‌ಗಳಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದ್ದೇ. ಕಾರಣ ಸರಳ: ಸೂರ್ಯ ಮುಳುಗಿದ ಮೇಲೆ ಪ್ಯಾನಲ್ಲೂ ಮಲಗುತ್ತದೆ.

ರೈತನಿಗೆ ಲಾಭ ಇರೋದು ಇಲ್ಲೇ. ಬಿಸಿಲಿನ ಕರೆಂಟು ನಡುಹಗಲಲ್ಲಿ ಹೆಚ್ಚಾಗುತ್ತದೆ, ಆಗಲೇ ಬಳಸಬೇಕು. ಭತ್ತದ ಗದ್ದೆ, ಮೆಣಸಿನಕಾಯಿ ಹೊಲಕ್ಕೆ ಹಗಲಲ್ಲಿ ನೀರು ಬಿಟ್ಟರೆ ನಡೆಯುತ್ತದೆ, ಫ್ಯಾಕ್ಟರಿ ಹಾಗೆ ರಾತ್ರಿ ಪಾಳಿ ಬೇಕಿಲ್ಲ. ಇದುವರೆಗೆ ಗ್ರಿಡ್ಡಿಗೆ ಅನುಕೂಲವಾದ ಹೊತ್ತು ರೈತನಿಗೆ ಕಷ್ಟದ ಹೊತ್ತಾಗಿತ್ತು. ಈಗ ಇಬ್ಬರಿಗೂ ಒಂದೇ ಹೊತ್ತು ಒಳ್ಳೇದು.

ನಿಮ್ಮ ಮುಂದಿರೋ ಮೂರು ದಾರಿ

*ಒಂದು: ಸೋಲಾರ್ ಪಂಪು.* ಪಿಎಂ-ಕುಸುಮ್ ‘ಬಿ’ ಯೋಜನೆಯಲ್ಲಿ ಕೇಂದ್ರದ್ದು ಶೇ 30. ನಮ್ಮ ರಾಜ್ಯ ಸರ್ಕಾರ ತನ್ನ ಪಾಲನ್ನು ಶೇ 30ರಿಂದ 50ಕ್ಕೆ ಏರಿಸಿದ್ದರಿಂದ ರೈತ ಕಟ್ಟೋದು ಶೇ 20. ಅರ್ಜಿ ಕ್ರೆಡಲ್‌ನ ‘ಸೌರ ಮಿತ್ರ’ ಜಾಲತಾಣದಲ್ಲಿ. ಟೀಸಿಯಿಂದ 500 ಮೀಟರಿಗಿಂತ ದೂರ ಇರುವ ಬೋರಿಗೆ ಇದೇ ಸರಿಯಾದ ದಾರಿ. ಆದರೆ ಬೆಳಗ್ಗೆ, ಸಂಜೆ ನೀರು ಕಡಿಮೆ, ಮಧ್ಯಾಹ್ನ ಜೋರು, ಮೋಡ ಬಿದ್ದರೆ ಇಳಿಯುತ್ತದೆ. ಹತ್ತಿರ ಒಂದು ಕೃಷಿ ಹೊಂಡ ಇದ್ದರೆ ಚಿಂತೆಯಿಲ್ಲ. ನಮ್ಮ ಎರೆ ಮಣ್ಣಿನ ಧೂಳು ಪ್ಯಾನಲ್ ಮೇಲೆ ಕೂತರೆ ಕರೆಂಟು ಕುಸಿಯುತ್ತದೆ. ಬಿಸಿಲೇರೋ ಮುಂಚೆ ಬರೀ ನೀರಲ್ಲಿ ಒರೆಸಿ. ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಕಂಬದ ಬುನಾದಿ ಗಟ್ಟಿ ಮಣ್ಣು ಸಿಗೋವರೆಗೆ ಆಳವಾಗಿರಲಿ. ಬಿಸಿಲು ಬಿಟ್ಟಿ ಅಂತ ದಿನವಿಡೀ ನೀರೆತ್ತಬೇಡಿ, ಬೋರು ಬತ್ತಿದರೆ ಪ್ಯಾನಲ್ ನೀರು ಕೊಡಲ್ಲ.

*ಎರಡು: ಸೋಲಾರ್ ಫೀಡರ್.* ಕುಸುಮ್ ‘ಸಿ’ಯಲ್ಲಿ ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಘಟಕ ಹಾಕಿ, ಆ ಕೃಷಿ ಫೀಡರಿನ ಎಲ್ಲ ಪಂಪಿಗೂ ಹಗಲಲ್ಲೇ ಕರೆಂಟು ಕೊಡ್ತಾರೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲೂಕಿನಲ್ಲಿ ಇಂಥ ಘಟಕಕ್ಕೆ ಚಾಲನೆ ಸಿಕ್ಕಿತು. ಇದರಲ್ಲಿ ರೈತ ಬಂಡವಾಳ ಹಾಕಬೇಕಿಲ್ಲ, ಮೋಟಾರು ಬದಲಿಸಬೇಕಿಲ್ಲ. ನಿಮ್ಮ ಫೀಡರ್ ಪಟ್ಟಿಯಲ್ಲಿದೆಯಾ ಅಂತ ಜೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಇಲ್ಲದಿದ್ದರೆ ಹತ್ತು ಜನ ಸೇರಿ ಅರ್ಜಿ ಕೊಡಿ.

*ಮೂರು: ಜಮೀನು ಲೀಜ್.* ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕು. ಎಚ್ಚರ ಬೇಕಾದ ದಾರಿ ಇದು.

ಪಾವಗಡ ಕಲಿಸಿದ ಪಾಠ, ಕುಡಿತಿನಿ ಕಲಿಸಿದ ಪಾಠ

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, ಲೀಜ್‌ಗೆ ಪಡೆದರು. ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮೇಲಿಂದ ಮೇಲೆ ಬರ ಕಂಡ ಜಮೀನಿನ ಮಾಲೀಕರಿಗೆ ಅದು ಖಚಿತ ಆದಾಯ, ಹೊಲವೂ ಕೈಬಿಡಲಿಲ್ಲ. ಆದರೆ ಜಮೀನಿಲ್ಲದ ಕೂಲಿಯವರಿಗೆ, ಕುರಿಗಾರರಿಗೆ ಕೆಲಸ ಮತ್ತು ಮೇವು ಎರಡೂ ಹೋದವು.

ಇನ್ನು ನಮ್ಮ ಕುಡಿತಿನಿ ಸುತ್ತಮುತ್ತ. 2010ರ ಆಸುಪಾಸಿನಲ್ಲಿ ಉಕ್ಕಿನ ಕಾರ್ಖಾನೆ ಬರುತ್ತದೆಂದು ಸಾವಿರಾರು ಎಕರೆ ಸ್ವಾಧೀನವಾಯಿತು. ಕಾರ್ಖಾನೆ ಬರಲಿಲ್ಲ, ರೈತರು ವರ್ಷಗಟ್ಟಲೆ ಧರಣಿ ಕೂತರು. ಹೊಲ ಒಮ್ಮೆ ಕೈಬಿಟ್ಟರೆ ಮತ್ತೆ ಮಾತಾಡೋಕೆ ಉಳಿಯೋದು ರಸ್ತೆ ಮಾತ್ರ.

ಹಾಗಾಗಿ ನಮ್ಮ ಸಲಹೆ ಇಷ್ಟೇ. ಕಾಲುವೆ ನೀರು ಹತ್ತುವ ಹೊಲ, ಒಳ್ಳೆ ಮೆಣಸಿನಕಾಯಿ ಕೊಡುವ ಹೊಲ ಪ್ಯಾನಲ್ಲಿಗೆ ಕೊಡಬೇಡಿ. ಸವಳು ಬಿದ್ದ ಗದ್ದೆ, ನೀರಿಲ್ಲದ ಬಂಜರು ಇದ್ದರೆ ಯೋಚಿಸಬಹುದು. ಕಳೆದ ಐದು ವರ್ಷದ ನಿವ್ವಳ ಆದಾಯವನ್ನು, ನಷ್ಟದ ವರ್ಷವನ್ನೂ ಸೇರಿಸಿ ಸರಾಸರಿ ತೆಗೆದು, ಬಾಡಿಗೆ ಪಕ್ಕ ಇಟ್ಟು ನೋಡಿ. ಕುಸುಮ್ ‘ಎ’ಯಲ್ಲಿ ರೈತರೇ ಅಥವಾ ರೈತರ ಕಂಪನಿಯೇ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗೆ ಘಟಕ ಹಾಕಿ ಕರೆಂಟು ಮಾರಬಹುದು ಅನ್ನೋದನ್ನೂ ಮರೆಯಬೇಡಿ.

ಸಹಿ ಹಾಕೋ ಮುಂಚೆ ಕೇಳಿ

- ಪಹಣಿಯಲ್ಲಿ ನಮ್ಮ ಹೆಸರೇ ಇರುತ್ತದೆಯಾ? ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುತ್ತದೆಯಾ?
- ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ಏರುತ್ತದೆ? ತಡವಾದರೆ ಬಡ್ಡಿ ಯಾರು ಕೊಡ್ತಾರೆ?
- ಕಂಪನಿ ಇನ್ನೊಬ್ಬರಿಗೆ ಮಾರಿದರೆ ನಮ್ಮ ಕರಾರು ಉಳಿಯುತ್ತದೆಯಾ?
- ನಮ್ಮ ಜಮೀನಿನ ಮೇಲೆ ಅವರು ಸಾಲ ಎತ್ತಬಹುದಾ?
- ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟ್ ಕಿತ್ತು ಹೊಲ ಸಮ ಮಾಡಿ ಕೊಡೋದು ಯಾರು?

ಬಾಯಿಮಾತಲ್ಲಿ ‘ಆಯ್ತಣ್ಣ’ ಅಂದರೆ ಸಾಲದು, ಕಾಗದದಲ್ಲಿ ಬರಲಿ.

ಫೋನಿನಲ್ಲಿ ದುಡ್ಡು ಬೇಡ

ಕುಸುಮ್ ಹೆಸರಲ್ಲಿ ನಕಲಿ ಜಾಲತಾಣಗಳು ಹಣ ಕಟ್ಟಿಸಿಕೊಳ್ಳುತ್ತಿವೆ ಅಂತ ಕೇಂದ್ರದ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವೇ ಹಲವು ಸಲ ಎಚ್ಚರಿಸಿದೆ. ಲಿಂಕ್ ಕಳಿಸಿದವರ ಖಾತೆಗೆ, ಫೋನ್ ಪೇ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಓಟಿಪಿ ಹೇಳಬೇಡಿ. ಅನುಮಾನ ಬಂದರೆ ಮೊದಲು ಜೆಸ್ಕಾಂ ಆಫೀಸಿಗೆ ಹೋಗಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಈ ವಾರ ಮೂರು ಕೆಲಸ ಮಾಡಿಡಿ: ನಿಮ್ಮ ಪಂಪಿನ ಆರ್‌ಆರ್ ನಂಬರಿಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ, ಫೀಡರಿನ ಹೆಸರು ಬರೆದಿಟ್ಟುಕೊಳ್ಳಿ, ಬೋರಿನಿಂದ ಟೀಸಿಗೆ ಎಷ್ಟು ದೂರ ಅಂತ ಅಳೆದಿಡಿ. ಯಾವ ದಾರಿ ಹಿಡಿದರೂ ಈ ಮೂರು ಬೇಕಾಗುತ್ತವೆ.